ಗಂಡು ಮರಗಳ ಕಾಡು

ನಮ್ಮ ಊರಿನ ಗಂಡಸರಿಗೆ ಒಂದು ಚಟವಿದೆ. ಯಾರಾದರೂ ಹೊಸಬರು ದೋಣಿಯಿಂದ ಇಳಿದರೆ ಸಾಕು, ಅವರ ಕಾಲಿನ ಕೆಸರು ಒಣಗುವ ಮೊದಲೇ ಊರ ಹಿಂದಿನ ಜವುಗಿನ ಕಡೆಗೆ ಕೈ ಚಾಚಿ, "ನೋಡಿ, ಕಣ್ಣು ಹಾಯೋವರೆಗೂ ಅಗ್ವಾಹೆ! ಬೇರೆ ಒಂದು ಮರ ತೋರಿಸಿ ನೋಡೋಣ!" ಎನ್ನುತ್ತಾರೆ. ಹೊಸಬರು ಬಾಯಿ ತೆರೆದು ನೋಡುತ್ತಾರೆ. ನೋಡಲೇಬೇಕಾದ್ದೇ. ತೆಂಗಿಗಿಂತ ಎತ್ತರದ, ತಾಳೆ ಜಾತಿಯ ನೆಟ್ಟಗಿನ ಮರಗಳು ಒಂದರ ಪಕ್ಕ ಒಂದು, ನೀರಿನಲ್ಲಿ ಕಾಲಿಟ್ಟು ಬೀಸಣಿಗೆಯಂಥ ಗರಿ ಬಿಚ್ಚಿ ನಿಂತಿವೆ.

ಮೇಲಿನ ಒಣ ನೆಲದ ಕಾಡಿನಲ್ಲಿ ಹೀಗಿಲ್ಲ. ಅಲ್ಲಿ ಎಲ್ಲ ಜಾತಿಯೂ ಇದೆ, ಯಾವುದೂ ಗುಂಪಾಗಿಲ್ಲ. ಒಂದು ಸೇದ್ರೊ ಕಂಡರೆ ಇನ್ನೊಂದು ಸೇದ್ರೊ ಕಾಣಲು ಕಾಲು ಸೋಲುವವರೆಗೆ ನಡೆಯಬೇಕು. ಜವುಗಿನ ಲೆಕ್ಕವೇ ಬೇರೆ. ವರ್ಷದ ಬಹುಪಾಲು ನೀರು ನಿಲ್ಲುವ ಜಾಗದಲ್ಲಿ ಮಿಕ್ಕ ಮರಗಳ ಬೇರು ಕೊಳೆಯುತ್ತದೆ. ಅಗ್ವಾಹೆ ಮಾತ್ರ ಕೆಸರಿನಿಂದ ಬೆರಳಿನಂಥ ಬೇರುಗಳನ್ನು ಮೇಲಕ್ಕೆ ತೂರಿಸಿ ಉಸಿರಾಡುತ್ತದೆ. ಅದಕ್ಕೇ ಅಲ್ಲಿ ಅದರದ್ದೇ ದರ್ಬಾರು. ಅದು ಮರದ ಸಾಮರ್ಥ್ಯ. ಅದರಲ್ಲಿ ನಮ್ಮ ಗಂಡಸರ ಪಾಲು ಏನೂ ಇಲ್ಲ. ಆದರೆ ಮಾತು ಕೇಳಿದರೆ, ಒಂದೊಂದು ಮರಕ್ಕೂ ಇವರೇ ಎದೆಹಾಲು ಕುಡಿಸಿದ್ದಾರೆ ಎನ್ನಬೇಕು.

ಇವರು ಹೊಸಬರಿಗೆ ಹೇಳದೆ ಬಿಡುವ ಸಂಗತಿ ಒಂದಿದೆ. ಆ ಮರಗಳಲ್ಲಿ ಹಣ್ಣಿಲ್ಲ. ಅಷ್ಟೂ ಗಂಡು.

ಅಗ್ವಾಹೆಯಲ್ಲಿ ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಗಂಡು ಹೊಂಬಾಳೆ ಬಿಡುತ್ತದೆ, ಹೂವು ಉದುರಿಸುತ್ತದೆ, ಅಲ್ಲಿಗೆ ಅದರ ಸಂಸಾರ ಮುಗಿಯಿತು. ಹೆಣ್ಣು ಗೊನೆ ಬಿಡುತ್ತದೆ. ಕೆಂಪು ಹುರುಪೆಯ ಹಣ್ಣು, ಬೆಚ್ಚಗಿನ ನೀರಿನಲ್ಲಿ ನೆನೆಸಿ ಸಿಪ್ಪೆ ಕೆರೆದರೆ ಒಳಗೆ ಅರಿಶಿನ ಬಣ್ಣದ ತಿರುಳು. ಹುರಿದ ಮರಗೆಣಸಿನ ಪುಡಿಯ ಜೊತೆ ತಿನ್ನಬಹುದು, ಕಿವುಚಿ ಪಾನಕ ಮಾಡಬಹುದು. ಇಂಥ ಹಣ್ಣು ಬೇಕಾದಾಗ ನಮ್ಮ ಗಂಡಸರು ಮಾಡಿದ್ದೇನು? ಹಣ್ಣಿರುವ ಮರ ಯಾವುದು ಎಂದು ಹುಡುಕಿ ಬುಡಕ್ಕೆ ಕೊಡಲಿ ಹಾಕಿದರು. ಮುಂದಿನ ವರ್ಷ ಇನ್ನೊಂದು. ಹಣ್ಣಿಲ್ಲದ ಮರವನ್ನು ಯಾರೂ ಮುಟ್ಟಲಿಲ್ಲ. ನನಗೆ ಮದುವೆಯಾದಂದಿನಿಂದ ನಾನು ಅಜ್ಜಿಯಾಗುವವರೆಗೆ ಹೀಗೇ ನಡೆಯಿತು. ಈಗ ಉಳಿದಿರುವುದು ಒಂದು ಕಾಡು ತುಂಬ ಗಂಡಸರು. ನಮ್ಮ ಊರಿನ ಸಭೆಯೂ ಹೆಚ್ಚುಕಡಿಮೆ ಹಾಗೇ ಇರುವುದರಿಂದ ಇವರಿಗೆ ಅದರಲ್ಲಿ ಏನೂ ಕೊರತೆ ಕಾಣಲಿಲ್ಲ.

ಈ ಪದ್ಧತಿಗೆ ಗುರು ದೋನ್ ಎಲಾದಿಯೊ, ನಮ್ಮ ಸಾಂತಾ ಬ್ರಿಹಿದಾ ಊರಿನ ಮುಖ್ಯಸ್ಥ. ನನ್ನ ಮಗಳ ಜ್ಞಾನಸ್ನಾನಕ್ಕೆ ಅವನೇ ಧರ್ಮತಂದೆ. ಆದ್ದರಿಂದ ನಾನು ಅವನನ್ನು ಕೊಂಪಾದ್ರೆ ಎಂದೂ ಅವನು ನನ್ನನ್ನು ಕೊಮಾದ್ರೆ ಎಂದೂ ಕರೆಯಬೇಕು, ಎಷ್ಟೇ ಹೊಟ್ಟೆ ಉರಿದರೂ. ಕೊಡಲಿ ಹಿಡಿದರೆ ಅವನನ್ನು ಮೀರಿಸುವವರಿಲ್ಲ, ಒಪ್ಪುತ್ತೇನೆ. ಅಂಗಿ ಬಿಚ್ಚಿ, ಎದೆ ಉಬ್ಬಿಸಿ, ಸುತ್ತ ನಿಂತವರೆಲ್ಲ ನೋಡುತ್ತಿದ್ದಾರೆ ಎಂದು ಖಾತ್ರಿ ಮಾಡಿಕೊಂಡೇ ಮೊದಲ ಏಟು ಹಾಕುತ್ತಿದ್ದ. ಮರ ಉರುಳಿದ ಮೇಲೆ ಅದರ ಮೇಲೆ ಒಂದು ಕಾಲಿಟ್ಟು ಹೇಳುತ್ತಿದ್ದ ಮಾತು ಒಂದೇ:

"ಹತ್ತೋದು ಮಂಗನ ಕೆಲಸ ಕಣ್ರೋ. ಗಂಡಸಾದೋನು ಕಡೀತಾನೆ."

ಆ ಮಾತು ಚುಚ್ಚುತ್ತಿದ್ದುದು ನನ್ನ ಗಂಡ ಸೆಗುಂದೊನನ್ನು. ಅವನು ಹತ್ತುತ್ತಿದ್ದ. ಮರವನ್ನು ಬಳಸಿದ ಹಗ್ಗದ ಎರಡು ಕುಣಿಕೆ, ಒಂದು ಸೊಂಟಕ್ಕೆ, ಒಂದು ಪಾದಕ್ಕೆ. ಒಂದನ್ನು ಜರುಗಿಸಿ ಭಾರ ಹಾಕು, ಇನ್ನೊಂದನ್ನು ಜರುಗಿಸು. ನಾನು ಕೆಳಗೆ ನಿಂತು ಮೇಲೆ ನೋಡುವಷ್ಟರಲ್ಲಿ ಸುಳಿಯಲ್ಲಿರುತ್ತಿದ್ದ. ಗೊನೆಯನ್ನು ಹಗ್ಗ ಕಟ್ಟಿ ಇಳಿಸುತ್ತಿದ್ದ, ಒಂದು ಹಣ್ಣೂ ಜಜ್ಜುತ್ತಿರಲಿಲ್ಲ. ಮರ ಮರುವರ್ಷ ಮತ್ತೆ ಗೊನೆ ಬಿಡುತ್ತಿತ್ತು. ಇಷ್ಟು ಚೆಂದದ ಕೆಲಸವನ್ನು ಕಂಡು ನಮ್ಮ ಊರು ಏನು ಮಾಡಿತು? ನಕ್ಕಿತು. ಅಗ್ವಾಹೆ ಹೆಚ್ಚು ತಿಂದ ಗಂಡಸು ಹೆಂಗಸಾಗುತ್ತಾನೆ ಎಂದು ನಮ್ಮ ನದಿಯುದ್ದಕ್ಕೂ ಹೇಳುತ್ತಾರೆ. ಎಲಾದಿಯೊ ಅದನ್ನು ಹಿಡಿದುಕೊಂಡ. "ಹೆಣ್ಣು ಮರಾನ ಅಷ್ಟು ತಬ್ಕೊಂಡ್ರೆ ಇನ್ನೇನಾಗುತ್ತೆ? ದೋನ್ಯಾ ಸೆಗುಂದಾ, ನಿಮ್ಮ ಲಂಗ ಎಲ್ಲಿ?" ಎಂದು ಅವನ ಹೆಸರನ್ನೂ ಹೆಣ್ಣಾಗಿಸಿ, ಮರಗೆಣಸಿನ ಹೆಂಡ ಮಸಾತೊ ಕುಡಿಯುವ ಕಡೆಯಲ್ಲೆಲ್ಲ ಕೂಗುತ್ತಿದ್ದ. ಬಟ್ಟಲು ಹಿಡಿದವರೆಲ್ಲ ಕೇಕೆ ಹಾಕುತ್ತಿದ್ದರು.

ಸೆಗುಂದೊ ಬಹಳ ದಿನ ತಡೆದುಕೊಂಡ. ಕೊನೆಗೆ ಕುಣಿಕೆ ಕಳಚಿಟ್ಟು ಕೊಡಲಿ ಹಿಡಿದ. ಮರದ ಮೇಲೆ ಎಂದೂ ಜಾರದವನು ನೆಲದ ಮೇಲೆ ನಿಂತು ಕೆಟ್ಟ. ಉರುಳಿದ ಮರ ಪಕ್ಕದ ಬೊಡ್ಡೆಗೆ ಬಡಿದು ಪುಟಿದು ಅವನ ಮೊಣಕಾಲನ್ನು ಅರೆದುಹಾಕಿತು. ಎರಡು ತಿಂಗಳ ಮೇಲೆ ಎಲಾದಿಯೊ ನೋಡಲು ಬಂದ. ಅದೇ ಮರದ ಕಾಂಡದಿಂದ ತೆಗೆದ ಸೂರಿ ಹುಳುಗಳನ್ನು ಕಡ್ಡಿಗೆ ಚುಚ್ಚಿ ಸುಟ್ಟು, ಬಾಳೆ ಎಲೆಯಲ್ಲಿ ಸುತ್ತಿ ತಂದಿದ್ದ. "ತಿನ್ನಲಿ, ಶಕ್ತಿ ಬರುತ್ತೆ" ಎಂದ. ಅವನು ಹೋದ ಮೇಲೆ ನಾನು ಅದನ್ನು ಕೋಳಿಗಳಿಗೆ ಎಸೆದೆ. ಅಂದಿನಿಂದ ಸೆಗುಂದೊ ಊರುಗೋಲಿನವನು. ಬಲೆ ಹೆಣೆಯುತ್ತಾ ತೂಗುಹಾಸಿಗೆಯಲ್ಲಿರುತ್ತಾನೆ. ಆ ಎರಡು ಕುಣಿಕೆಗಳಿಂದಲೇ ತೂಗುಹಾಸಿಗೆಯನ್ನು ತೊಲೆಗೆ ಕಟ್ಟಿಕೊಂಡಿದ್ದಾನೆ. ನನಗೆ ಅದನ್ನು ನೋಡಿದಾಗಲೆಲ್ಲ ಸಿಟ್ಟು ಬರುತ್ತದೆ, ಅವನಿಗೆ ಬರುವುದಿಲ್ಲ.

ಹಣ್ಣು ಕಡಿಮೆಯಾಯಿತು, ಆಮೇಲೆ ನಿಂತೇಹೋಯಿತು. ಹಣ್ಣಿಗೆ ಬರುತ್ತಿದ್ದ ಕಾಡುಹಂದಿ ಹಿಂಡು ದಾರಿ ಬದಲಿಸಿತು. ಮಕಾವ್ ಗಿಳಿಗಳು ನಮ್ಮ ತಲೆಯ ಮೇಲಿಂದ, ಇಳಿಯುವ ಮನಸ್ಸೇ ಇಲ್ಲದೆ, ಹಾರಿಹೋಗತೊಡಗಿದವು. ಆಗ ನಮ್ಮ ಬುದ್ಧಿವಂತರು ಸಭೆ ಸೇರಿ, ಜವುಗಿನ ತಾಯಿ ಮುನಿದಿದ್ದಾಳೆ ಎಂದು ತೀರ್ಮಾನಿಸಿದರು. ಮೇಲಿನ ಊರಿನಿಂದ ಒಬ್ಬ ಮಂತ್ರವಾದಿ ಬಂದ. ಮರಗಳ ಮೇಲೆ ತಂಬಾಕಿನ ಹೊಗೆ ಊದಿದ, ನಮ್ಮ ಕೋಳಿಗಳನ್ನು ತಿಂದ, ಹೊರಟುಹೋದ. ನಾನು ಸಭೆಯಲ್ಲೇ ಕೇಳಿದೆ:

"ಹೊಗೆ ಊದಿದ್ರೆ ಗಂಡು ಮರ ಬಸುರಾಗುತ್ತೇನಯ್ಯಾ ಕೊಂಪಾದ್ರೆ? ಹೆಣ್ಣನ್ನೆಲ್ಲಾ ನೀವೇ ಕಡಿದು ತಿಂದ್ರಿ."

"ಕೊಮಾದ್ರೆ, ಅಷ್ಟು ಮರ ನಿಂತಿದೆ, ನಿಂಗೆ ಕಣ್ಣು ಕಾಣಲ್ವಾ?" ಎಂದ ಎಲಾದಿಯೊ. "ನಮ್ಮಪ್ಪನ ಕಾಲದಲ್ಲೂ ಇಷ್ಟು ದಟ್ಟ ಇರ್ಲಿಲ್ಲ. ಒಂದೆರಡು ವರ್ಷ ಮುನಿಸ್ಕೊಂಡಿವೆ ಅಷ್ಟೇ."

ಎಲ್ಲರೂ ತಲೆಯಾಡಿಸಿದರು. ತಲೆಯಾಡಿಸುವುದರಲ್ಲಿ ನಮ್ಮ ಊರಿನವರು ಎತ್ತಿದ ಕೈ.

ಉಳಿದಿದ್ದ ಹೆಣ್ಣು ಒಂದೇ. ಅದು ನನ್ನ ಅಮ್ಮನ ಮರ. ನನ್ನ ಮರಗೆಣಸಿನ ಹೊಲ ಜವುಗಿಗೆ ತಗಲುವ ಅಂಚಿನಲ್ಲಿ ಅಮ್ಮ ಬಟ್ಟೆ ಒಗೆಯುತ್ತಾ ಅಗ್ವಾಹೆ ತಿಂದು ಬೀಜ ಉಗಿಯುತ್ತಿದ್ದಳಂತೆ, ಅದರಲ್ಲಿ ಒಂದು ಎದ್ದು ನಿಂತಿತು. ಪ್ರತಿವರ್ಷ ಗೊನೆ ಬಿಡುತ್ತದೆ. ಹಣ್ಣಾಗಿ ತಾನಾಗಿ ಉದುರಿದ್ದನ್ನು ಆರಿಸಿಕೊಳ್ಳುತ್ತೇನೆ, ಬೀಜವನ್ನು ತೂತು ಬಿದ್ದ ಪಾತ್ರೆಗಳಲ್ಲಿ ನೆಟ್ಟು ಸಸಿ ಮಾಡಿದ್ದೇನೆ. ಆ ಸಸಿಗಳಲ್ಲಿ ಯಾವುದು ಗಂಡು ಯಾವುದು ಹೆಣ್ಣು ಎಂಬುದು ಹೂ ಬಿಡುವವರೆಗೆ ದೇವರಿಗೂ ತಿಳಿಯದು. ಅಷ್ಟರಲ್ಲಿ ನಾನು ಮಣ್ಣಾಗಿರುತ್ತೇನೋ ಏನೋ. ಆದರೂ ಈ ಜವುಗಿಗೆ ಮತ್ತೆ ಹಣ್ಣು ಬರಬೇಕಾದರೆ ಬರುವುದು ಆ ಒಂದು ಮರದ ಹೊಟ್ಟೆಯಿಂದಲೇ. ಅದು ಬಿದ್ದರೆ ಮುಗಿಯಿತು. ಆಮೇಲೆ ಈ ಕಾಡು ನಿಂತಿರುತ್ತದೆ ಅಷ್ಟೇ, ಮುದಿ ಬ್ರಹ್ಮಚಾರಿಗಳ ಹಾಗೆ, ಒಂದೊಂದೇ ಬೀಳುವವರೆಗೆ.

ಇಂಥ ಹೊತ್ತಿನಲ್ಲಿ ಎಲಾದಿಯೊನ ಮಗ ಎಲ್ಮೆರ್‌ಗೆ ಸಂಬಂಧ ಕುದುರಿತು. ಹುಡುಗಿ ಹೊಳೆಯ ಕೆಳಗಿನ ಊರಿನವಳು. ಅವಳ ತಾಯಿ ದೋನ್ಯಾ ನೆಮೆಸಿಯಾ ನಮ್ಮ ಊರು ನೋಡಿ ಮಾತು ಮುಗಿಸಲು ಬರುವವಳಿದ್ದಳು. ನಮ್ಮ ಮುಖ್ಯಸ್ಥನ ಬಾಯಿ ಸುಮ್ಮನಿರುತ್ತದೆಯೇ? ಅವಳ ಮನೆಗೆ ಹೋದಾಗಲೇ ಕೊಚ್ಚಿಕೊಂಡು ಬಂದಿದ್ದ: "ನಮ್ಮೂರಲ್ಲಿ ಅಗ್ವಾಹೆ ಬಿಟ್ರೆ ಬೇರೆ ಮರಾನೇ ಇಲ್ಲ. ನೀವು ಬನ್ನಿ, ಅಗ್ವಾಹೆ ಪಾನಕದಲ್ಲಿ ಸ್ನಾನ ಮಾಡಿಸ್ತೀನಿ."

ಅವಳು ಬರುವ ದಿನ ಬೆಳಗ್ಗೆ ನಾನು ಗೆಣಸು ಕೀಳುತ್ತಿದ್ದೆ. ಎಲಾದಿಯೊ ಕೊಡಲಿ ಹೆಗಲಿಗೇರಿಸಿ ಬಂದ. ಹಿಂದೆ ಎಲ್ಮೆರ್, ಅವನ ಹಿಂದೆ ಊರಿನ ಅರ್ಧ ಗಂಡಸರು, ಬಕೆಟ್ಟಿನಲ್ಲಿ ಮಸಾತೊ. ನಮ್ಮಲ್ಲಿ ಯಾರದಾದರೂ ಕೆಲಸಕ್ಕೆ ಊರೇ ಸೇರುವ ಪದ್ಧತಿ ಇದೆ. ಕರೆದವರು ಕುಡಿಸಬೇಕು. ಇವರು ನನ್ನ ಮರ ಬೀಳಿಸಲು ಕುಡಿಯುತ್ತಲೇ ಬಂದಿದ್ದರು. ನಾನು ಗುದ್ದಲಿ ಬಿಟ್ಟು ಹೋಗಿ ಮರಕ್ಕೆ ಬೆನ್ನು ಕೊಟ್ಟು ನಿಂತೆ.

"ಕೊಮಾದ್ರೆ, ಪಕ್ಕಕ್ಕೆ ಸರೀತೀಯಾ?" ಎಂದ ಎಲಾದಿಯೊ, ಬೆಣ್ಣೆ ಸವರಿದ ದನಿಯಲ್ಲಿ. "ನಿನ್ನ ಮಗಳು ನನ್ನ ಧರ್ಮಪುತ್ರಿ, ಅವಳಿಗೆ ಅಣ್ಣ ಅಲ್ವಾ ಎಲ್ಮೆರ್? ಅವನ ಮದ್ವೆಗೆ ಒಂದು ಮರ ಕೊಡೋಕಾಗಲ್ವಾ?"

"ನಿಂಗೆ ಕಣ್ಣು ಹಾಯೋವರೆಗೂ ಇದೆಯಲ್ಲ ಕೊಂಪಾದ್ರೆ. ಅಲ್ಲಿ ಹೋಗಿ ಕಡಿ. ಪಾನಕ ಮಾಡು. ಸ್ನಾನ ಮಾಡ್ಸು."

"ಅದರಲ್ಲಿ ಹಣ್ಣಿಲ್ಲ ಅಂತ ನಿಂಗೊತ್ತು."

"ಓಹೋ, ಗೊತ್ತಾಯ್ತಾ? ಯಾವಾಗ?"

ಹಿಂದೆ ಯಾರೋ ಕಿಸಕ್ಕೆಂದರು. ಎಲಾದಿಯೊನ ಬೆಣ್ಣೆ ಕರಗಿತು. "ಸರಿಯಮ್ಮಾ, ನಿನ್ನ ಕೈಹಿಡಿದು ಎಳೆದುಹಾಕ್ಬೇಕಾ? ಮುಖ್ಯಸ್ಥ ನಾನು. ಊರಿನ ಮರ್ಯಾದೆ ಪ್ರಶ್ನೆ ಇದು."

ನನಗೆ ಭಯವಾಯಿತು. ಹೇಳಿಬಿಡುತ್ತೇನೆ, ನಿಜವಾಗಿ ಭಯವಾಯಿತು. ಅವರು ಅಷ್ಟು ಜನ, ಎಲ್ಲರಿಗೂ ಮಸಾತೊ ಏರಿತ್ತು. ನನ್ನನ್ನು ಎತ್ತಿ ಗೆಣಸಿನ ಗುಡ್ಡೆಯ ಮೇಲೆ ಕೂರಿಸಿ ಕೆಲಸ ಮುಗಿಸುವುದು ಅವರಿಗೆ ಏನೂ ಅಲ್ಲ. ನನ್ನ ಬೆನ್ನಿಗೆ ಮರ ತಣ್ಣಗಿತ್ತು. ಅಮ್ಮನ ನೆನಪಾಗಿ ಕೈ ಹಿಂದಕ್ಕೆ ಚಾಚಿ ಅದನ್ನು ಹಿಡಿದುಕೊಂಡೆ.

ಅಷ್ಟರಲ್ಲಿ ದೋಣಿಯ ಮೋಟಾರಿನ ಸದ್ದು ನಿಂತು, ದೋನ್ಯಾ ನೆಮೆಸಿಯಾ ದಡ ಹತ್ತಿ ಬಂದಳು. ದಪ್ಪ ಹೆಂಗಸು, ಕೈಯಲ್ಲಿ ಚಪ್ಪಲಿ, ಬಾಯಿ ತುಂಬ ನಗು. ಗುಂಪು ಕಂಡು ನೆಟ್ಟಗೆ ಇಲ್ಲಿಗೇ ಬಂದಳು. ಮರದ ಸುಳಿಯಲ್ಲಿ ಹಣ್ಣಾಗಿ ಕೆಂಪಗೆ ತೂಗುತ್ತಿದ್ದ ಗೊನೆ ನೋಡಿದಳು, ಎಲಾದಿಯೊನ ಹೆಗಲ ಮೇಲಿನ ಕೊಡಲಿ ನೋಡಿದಳು.

"ಇದ್ಯಾಕೆ ಕೊಡಲಿ? ಇಷ್ಟು ಜನ ಗಂಡಸ್ರಿದ್ದೀರಿ, ಹತ್ತೋರು ಯಾರೂ ಇಲ್ವಾ? ನಮ್ಮೂರಲ್ಲಿ ಹತ್ತೇ ಇಳಿಸೋದಪ್ಪ."

ಆಡಿದವಳು ಬೇರೆ ಯಾರಾದರೂ ಆಗಿದ್ದರೆ ಎಲಾದಿಯೊ ಮಂಗನ ಮಾತನ್ನು ಎತ್ತುತ್ತಿದ್ದ. ಬೀಗಿತ್ತಿಗೆ ಹಾಗೆ ಹೇಳಲಾದೀತೇ? ಕೊಡಲಿಯನ್ನು ಒಂದು ಹೆಗಲಿನಿಂದ ಇನ್ನೊಂದಕ್ಕೆ ಬದಲಿಸಿದ. ನನಗೆ ಅಷ್ಟೇ ಸಂದು ಸಾಕಾಗಿತ್ತು.

"ಇಲ್ದೆ ಏನಮ್ಮಾ!" ಎಂದೆ. "ನಮ್ಮ ದೋನ್ ಎಲಾದಿಯೊನೇ ಹತ್ತೋದು. ಅವನ ಮುಂದೆ ಯಾರೂ ಇಲ್ಲ. ನಾಚಿಕೆ ಸ್ವಭಾವ, ತಾನಾಗಿ ಹೇಳ್ಕೊಳ್ಳಲ್ಲ."

"ಹೌದಾ? ಈ ವಯಸ್ಸಲ್ಲೂ?" ನೆಮೆಸಿಯಾ ಮೆಚ್ಚುಗೆಯಿಂದ ಅವನನ್ನು ಮೇಲಿನಿಂದ ಕೆಳಗೆ ನೋಡಿದಳು. ಗಂಡಸರೆಲ್ಲ ಅವನನ್ನೇ ನೋಡಿದರು. ಇಲ್ಲ ಎನ್ನಲು ಅವನಿಗೆ ಗೊತ್ತೇ ಇರಲಿಲ್ಲ, ಯಾರೂ ಕಲಿಸಿರಲಿಲ್ಲ.

"ಕುಣಿಕೆ ಬೇಕಲ್ಲ. ಕುಣಿಕೆ ಇಲ್ಲ, ಅದಕ್ಕೇ..." ಎಂದ.

ನನ್ನ ಮನೆ ಅಲ್ಲೇ, ಕೂಗಿದರೆ ಕೇಳುವಷ್ಟು ಹತ್ತಿರ. ಸೆಗುಂದೊ ಎಲ್ಲವನ್ನೂ ಕೇಳಿಸಿಕೊಂಡಿದ್ದ. ಅವಸರವಿಲ್ಲದೆ ಎದ್ದು, ತೂಗುಹಾಸಿಗೆ ಬಿಚ್ಚಿ, ಎರಡೂ ಕುಣಿಕೆಗಳನ್ನು ಕೊರಳಿಗೆ ಹಾಕಿಕೊಂಡು ಊರುಗೋಲು ಊರುತ್ತಾ ಬಂದ. ತಾನೇ ಬಗ್ಗಿ ಎಲಾದಿಯೊನ ಪಾದಕ್ಕೆ ಒಂದನ್ನು, ಸೊಂಟಕ್ಕೆ ಒಂದನ್ನು ಕಟ್ಟಿದ. ಹಗ್ಗ ಬಿಗಿ ಇದೆಯೇ ಎಂದು ಎಳೆದು ನೋಡಿದ. "ಕೆಳಗೆ ನೋಡ್ಬೇಡ" ಎಂದಷ್ಟೇ ಹೇಳಿದ.

ಎಲಾದಿಯೊ ತಲೆಯೆತ್ತಿ ಸುಳಿಯ ಕಡೆ ನೋಡಿದ. ಇನ್ನೂ ನೆಲದ ಮೇಲೇ ಇದ್ದ, ಆಗಲೇ ತೂರಾಡಿ ಮರವನ್ನು ಹಿಡಿದುಕೊಂಡ. ಮುಖ ಹಿಂಡಿದ ಮರಗೆಣಸಿನಂತೆ ಬಿಳಿಚಿತ್ತು.

ಆಗ ನನಗೆ ತಿಳಿಯಿತು. ಪ್ರಾರ್ಥನಾ ಮಂದಿರಕ್ಕೆ ಗರಿ ಹೊದಿಸಿದಾಗ ಇವನು ಕೆಳಗೆ ನಿಂತು ಅಪ್ಪಣೆ ಕೊಡುತ್ತಿದ್ದ. ಶಾಲೆಯ ಮಾಡು ರಿಪೇರಿಗೆ ಏಣಿ ಹಿಡಿಯುವವನು ಇವನೇ, ಹತ್ತುವವನು ಬೇರೆಯವನು. ಇಷ್ಟು ವರ್ಷ ನಾನು ಅದನ್ನು ಪೊಗರು ಎಂದುಕೊಂಡಿದ್ದೆ. ಅದು ಪುಕ್ಕಲುತನ. ಈ ಮನುಷ್ಯನಿಗೆ ಎತ್ತರ ಎಂದರೆ ಭಯ. ಭಯವನ್ನು ಮುಚ್ಚಲು ಮಂಗನ ಮಾತು ಕಟ್ಟಿದ. ಊರಿನ ಗಂಡಸರು ತಾವೆಲ್ಲಿ ಕಡಿಮೆಯಾಗುತ್ತೇವೋ ಎಂದು ಅವನ ಹಿಂದೆ ಬಿದ್ದರು. ಒಬ್ಬನ ತಲೆಸುತ್ತಿಗೆ ಒಂದು ಕಾಡಿನ ಹೆಣ್ಣು ಮರಗಳೆಲ್ಲ ಬಲಿಯಾದವು, ನನ್ನ ಗಂಡನ ಕಾಲೂ ಸೇರಿ. ಎಂಥ ರಾಜ, ಎಂಥ ಪ್ರಜೆಗಳು! ನನಗೆ ಅಳು ಬರಬೇಕಾಗಿತ್ತು. ಉಗಿಯಬೇಕು ಎನ್ನಿಸಿತು.

ಅವನು ಹತ್ತಿದ. ಮರ್ಯಾದೆ ಎಂಬುದು ಅಂಡಿನ ಕೆಳಗೆ ಬೆಂಕಿ ಇಟ್ಟಂತೆ ಅವನನ್ನು ದೂಡಿತು. ನಮ್ಮ ಮನೆಯ ಮಾಡಿನ ಎತ್ತರ ದಾಟಿದ, ಅದರ ಮೇಲೆ ಇನ್ನೊಂದು ಮನೆ ಇಟ್ಟಷ್ಟು ದಾಟಿದ. ಅಲ್ಲಿ ಕೆಳಗೆ ನೋಡಿದ.

ನಿಂತುಬಿಟ್ಟ. ಎರಡೂ ಕೈಯಿಂದ ಮರವನ್ನು ತಬ್ಬಿ, ಕೆನ್ನೆ ಒತ್ತಿ, ಕಣ್ಣು ಮುಚ್ಚಿದ. ಅಷ್ಟು ಗಟ್ಟಿಯಾಗಿ ಅವನು ತನ್ನ ಹೆಂಡತಿಯನ್ನೂ ಎಂದೂ ತಬ್ಬಿರಲಾರ.

"ಏನಾಯ್ತು, ಬೀಗ್ರೇ?" ಎಂದು ನೆಮೆಸಿಯಾ ಕೂಗಿದಳು. ಮರ ಸಣ್ಣಗೆ ನಡುಗುತ್ತಿತ್ತು, ಗಾಳಿಯಿರಲಿಲ್ಲ.

ಕೆಳಗಿದ್ದ ಗಂಡಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೇಲೆ ಹೋಗಿ ಅವನನ್ನು ಇಳಿಸಬಲ್ಲವನು ಅವರಲ್ಲಿ ಒಬ್ಬನೂ ಇಲ್ಲ. ಒಂದು ತಲೆಮಾರಿಗೆ ತಲೆಮಾರೇ ಹತ್ತುವುದನ್ನು ಮರೆತಿತ್ತು. ಮರದ ವಿಷಯದಲ್ಲಿ ಅವರಿಗೆ ಗೊತ್ತಿದ್ದ ಉಪಾಯ ಒಂದೇ. ಅದು ಮೊದಲು ಹೊಳೆದದ್ದು ಮದುವೆ ಗಂಡಿಗೆ.

"ಅಪ್ಪಾ! ಗಟ್ಟಿಯಾಗಿ ಹಿಡ್ಕೊಂಡಿರು!" ಎಂದು ಎಲ್ಮೆರ್ ಕೊಡಲಿ ಎತ್ತಿಕೊಂಡ. "ಕಡಿದು ಇಳಿಸ್ತೀವಿ!"

ನಾನು ತಡೆಯುವಷ್ಟರಲ್ಲಿ ಒಂದು ಏಟು ಹಾಕಿಯೇಬಿಟ್ಟ. ಚಕ್ಕೆ ಹಾರಿತು. ಮರ ಬುಡದಿಂದ ತುದಿಯವರೆಗೆ ಅದುರಿತು.

ಮೇಲಿನಿಂದ ಒಂದು ಧ್ವನಿ ಬಂತು. ಅದು ಮುಖ್ಯಸ್ಥನ ಧ್ವನಿ ಎಂದು ಯಾರೂ ಹೇಳಲಾರರು, ಬೆಕ್ಕಿನ ಬಾಲ ತುಳಿದಂತಿತ್ತು.

"ಕಡೀಬೇಡ್ರೋ! ಅಯ್ಯೋ, ಕಡೀಬೇಡ್ರೋ! ಮರ ಕಡೀಬೇಡ್ರೋ!"

ನನ್ನ ಇಷ್ಟು ವರ್ಷದ ಬಾಯಿನೋವು ಆ ಒಂದು ಕೂಗಿನಲ್ಲಿ ಇಳಿಯಿತು. ನಾನು ಎಲ್ಮೆರ್‌ನ ಕೈಯಿಂದ ಕೊಡಲಿ ಕಿತ್ತುಕೊಂಡು ಜವುಗಿಗೆ ಎಸೆದೆ. ನೆಮೆಸಿಯಾ ನಗಲು ಶುರುಮಾಡಿ, ಹೊಟ್ಟೆ ಹಿಡಿದುಕೊಂಡು ನನ್ನ ಗೆಣಸಿನ ಗುಡ್ಡೆಯ ಮೇಲೆ ಕುಳಿತಳು.

ನಗದೆ ಇದ್ದವನು ಸೆಗುಂದೊ ಒಬ್ಬನೇ. ಮರದ ಬುಡಕ್ಕೆ ಹೋಗಿ, ಊರುಗೋಲು ಒರಗಿಸಿ, ಮೇಲೆ ನೋಡುತ್ತಾ ಮಾತಾಡತೊಡಗಿದ. "ಎಲಾದಿಯೊ, ನಾನು ಸೆಗುಂದೊ. ಕಣ್ಣು ಮುಚ್ಚೇ ಇರು, ಪರವಾಗಿಲ್ಲ. ಸೊಂಟದ ಕುಣಿಕೆ ಮೇಲೆ ಕೂತ್ಕೋ. ಕೂತ್ಯಾ? ಈಗ ಕಾಲಿನ ಕುಣಿಕೆ ಒಂದು ಗೇಣು ಕೆಳಗೆ. ಹಾಂ. ಈಗ ನಿಂತ್ಕೋ." ತೊದಲುವ ಮಗುವಿಗೆ ಮಾತು ಕಲಿಸುವ ಹಾಗೆ, ಅಷ್ಟೇ ಸಹನೆಯಿಂದ. ನನಗೆ ಮೈ ಉರಿಯಿತು. "ಇನ್ನೊಂದಿಷ್ಟು ಹೊತ್ತು ಅಲ್ಲೇ ಒಣಗಲಿ ಬಿಡಿ" ಎಂದೆ. ಸೆಗುಂದೊ ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ಎಲಾದಿಯೊ ನೆಲ ಮುಟ್ಟಿದಾಗ ಅವನ ಎದೆ, ಹೊಟ್ಟೆ ಎಲ್ಲ ತರಚಿತ್ತು. ಪ್ಯಾಂಟು ಒದ್ದೆಯಾಗಿತ್ತು. ನೆಟ್ಟಗೆ ಮನೆಗೆ ಹೋದ. ಬೀಗಿತ್ತಿಗೆ ಆ ದಿನ ನಿಂಬೆಹಣ್ಣಿನ ಪಾನಕವೇ ಗತಿಯಾಯಿತು. ಅವಳು ಅದನ್ನು ಕುಡಿದು, ದೋಣಿ ಹತ್ತುವ ಮುಂಚೆ ಎಲ್ಮೆರ್‌ಗೆ ಹೇಳಿದಳು: "ಅಪ್ಪ ಮೇಲಿರೋವಾಗ ಬುಡ ಕಡಿಯೋ ಹುಡುಗನಿಗೆ ಮಗಳನ್ನ ಹೆಂಗಪ್ಪಾ ಕೊಡ್ಲಿ? ಹತ್ತೋದು ಕಲಿ. ಕಲ್ತು ಒಂದು ಗೊನೆ ಹೊತ್ಕೊಂಡು ಬಾ, ಆಮೇಲೆ ಮಾತಾಡೋಣ."

ಮಾರನೆಯ ದಿನ ಎಲ್ಮೆರ್ ನಮ್ಮ ಮನೆಯ ಮುಂದೆ ಹುಳಿ ಮುಖ ಹಾಕಿಕೊಂಡು ನಿಂತಿದ್ದ. ಸೆಗುಂದೊ ಅವನನ್ನು ಒಳಗೆ ಕರೆದ. ನಾನಾಗಿದ್ದರೆ ಮೊದಲು ಒಂದು ಲಂಗ ಕೊಟ್ಟು ಉಟ್ಟುಕೊಂಡು ಬಾ ಎನ್ನುತ್ತಿದ್ದೆ.

ಹುಡುಗ ಕಲಿತ. ಗೊನೆ ಇಳಿಸಿದ, ಮದುವೆಯೂ ಗೊತ್ತಾಯಿತು. ಅಮ್ಮನ ಮರದ ಬುಡದಲ್ಲಿ ಆ ಏಟಿನ ಗಾಯ ಉಳಿದಿದೆ, ಮರಕ್ಕೆ ಏನೂ ಆಗಿಲ್ಲ. ಇಷ್ಟಕ್ಕೇ ಸುಮ್ಮನಿದ್ದರೆ ಅವನು ಎಲಾದಿಯೊ ಹೇಗಾದಾನು? ಮೈಯ ತರಚು ಮಾಯುತ್ತಲೇ ಸಭೆ ಕರೆದ. ಎದೆ ಉಬ್ಬಿಸಿ ನಿಂತು, ಇನ್ನು ಮುಂದೆ ಯಾರೂ ಹೆಣ್ಣು ಅಗ್ವಾಹೆ ಕಡಿಯಕೂಡದು ಎಂದು ಅಪ್ಪಣೆ ಹೊರಡಿಸಿದ. ಕಡಿಯಲು ಇನ್ನು ಯಾವುದಿದೆ ಎಂದು ಯಾರೂ ಕೇಳಲಿಲ್ಲ.

"ನಾನು ಅವತ್ತು ಹತ್ತಿದ್ದೇ ಅದಕ್ಕೆ" ಎಂದ. "ಹೊಸ ಹುಡುಗರಿಗೆ ಹತ್ತಿ ತೋರಿಸ್ಬೇಕಿತ್ತು. ಆ ಮರ ಇವತ್ತು ನಿಂತಿದೆ ಅಂದ್ರೆ..."

ತಲೆಗಳು ಆಗಲೇ ಆಡತೊಡಗಿದ್ದವು. ನಾನು ಏಳಲು ಲಂಗ ಸರಿಪಡಿಸಿಕೊಳ್ಳುತ್ತಿದ್ದೆ. ಆದರೆ ನನಗಿಂತ ಮೊದಲು, ಸಭೆಯಲ್ಲಿ ಎಂದೂ ತುಟಿ ಬಿಚ್ಚದ ನನ್ನ ಗಂಡ, ಮೂಲೆಯಲ್ಲಿ ಬಲೆ ಹೆಣೆಯುತ್ತಿದ್ದವನು, ತಲೆಯನ್ನೂ ಎತ್ತದೆ ಬೆಕ್ಕಿನಂಥ ಸಣ್ಣ ಧ್ವನಿಯಲ್ಲಿ ಹೇಳಿದ:

"ಕಡೀಬೇಡ್ರೋ..."

ಮೊದಲು ಎಲ್ಮೆರ್ ನಕ್ಕ. ಆಮೇಲೆ ಇಡೀ ಸಭೆ. ಎಲಾದಿಯೊ ಅರ್ಧ ಮಾತು ಬಾಯಲ್ಲಿಟ್ಟುಕೊಂಡೇ ಕುಳಿತ.

ಈಗಲೂ ನಮ್ಮ ಊರಿನಲ್ಲಿ ಯಾವನಾದರೂ ಕೊಡಲಿ ಹೊತ್ತು ಜವುಗಿನ ಕಡೆ ಹೊರಟರೆ, ಯಾವುದೋ ಮನೆಯ ಒಳಗಿನಿಂದ ಯಾರೋ ಒಬ್ಬರು ಅದೇ ಧ್ವನಿಯಲ್ಲಿ ಕೂಗುತ್ತಾರೆ. ಮುಖ್ಯಸ್ಥನ ಅಪ್ಪಣೆಗೆ ನಮ್ಮ ಗಂಡಸರು ಮೂರು ಕಾಸಿನ ಬೆಲೆ ಕೊಡುವುದಿಲ್ಲ. ಆ ಕೂಗು ಕೇಳಿದರೆ ಮಾತ್ರ ಕೊಡಲಿಯನ್ನು ಹೆಗಲಿನಿಂದ ಇಳಿಸಿ, ಬೆನ್ನ ಹಿಂದೆ ಬಚ್ಚಿಟ್ಟುಕೊಂಡು ಮನೆಗೆ ವಾಪಸು ಹೋಗುತ್ತಾರೆ.